ಹೆಚ್ಚಿಟ್ಟ ಉಳ್ಳಾಗಡ್ಡಿ ವಿಷವಾಗುತ್ತದೆಯೇ? ಖಾನಾವಳಿ ನಡೆಸುವ ಅಕ್ಕನಿಗೊಂದು ಉತ್ತರ

ಪ್ರಶ್ನೆ: ನಾನು ಅಕ್ಕಲಕೋಟ ತಾಲೂಕಿನಲ್ಲಿ ಸಣ್ಣದೊಂದು ಖಾನಾವಳಿ ನಡೆಸುತ್ತೇನೆ. ದಿನಕ್ಕೆ 80–90 ಜನ ಉಣ್ಣುತ್ತಾರೆ. ಜೋಳದ ರೊಟ್ಟಿ, ಝುಣಕ, ಪಲ್ಯ, ಜೊತೆಗೆ ಹಸಿ ಉಳ್ಳಾಗಡ್ಡಿ ಬೇಕೇ ಬೇಕು. ವಾರಕ್ಕೆ ಮೂರು ದಿನ ಮಟನ್ ಊಟ. ಬೆಳಿಗ್ಗೆ 8ಕ್ಕೆ ಉಳ್ಳಾಗಡ್ಡಿ ಹೆಚ್ಚಿ ಬುಟ್ಟಿ ತುಂಬಿಸಿದರೆ ಮಧ್ಯಾಹ್ನ 3ರವರೆಗೂ ಅದೇ ನಡೆಯುತ್ತದೆ. ಹೆಚ್ಚಿಟ್ಟ ಉಳ್ಳಾಗಡ್ಡಿ ಗಾಳಿಯಲ್ಲಿರುವ ಕ್ರಿಮಿಗಳನ್ನೆಲ್ಲ ಎಳೆದುಕೊಂಡು ವಿಷವಾಗುತ್ತದೆ ಅಂತ ಮಗ ಮೊಬೈಲಿನಲ್ಲಿ ತೋರಿಸಿದ. ಇನ್ನೊಬ್ಬ ಗಿರಾಕಿ ಸಿಪ್ಪೆಯ ಮೇಲಿನ ಕರಿ ಪುಡಿ ನೋಡಿ ‘ಇದೇ ಬ್ಲ್ಯಾಕ್ ಫಂಗಸ್’ ಎಂದು ತಟ್ಟೆ ಬಿಟ್ಟು ಎದ್ದರು. ಇವೆಲ್ಲ ನಿಜವೇ? ಎರಡು ದಿನಕ್ಕಾಗುವಷ್ಟು ಉಳ್ಳಾಗಡ್ಡಿ ಮಸಾಲೆ ಹುರಿದು, ಮೇಲೆ ಎಣ್ಣೆ ನಿಲ್ಲುವಂತೆ ಮಾಡಿ ಹೊರಗೇ ಇಡುತ್ತೇವೆ. ಅದಕ್ಕೇನೂ ತೊಂದರೆ ಇಲ್ಲವಲ್ಲ?

ಉತ್ತರ: ಅಕ್ಕಾವ್ರೇ, ನೀವು ಯಾವುದಕ್ಕೆ ಜಾಸ್ತಿ ಹೆದರಿದ್ದೀರೋ ಅದು ಅಷ್ಟೇನೂ ಹೆದರಬೇಕಾದ್ದಲ್ಲ. ಆದರೆ ಕೊನೆಗೆ ಒಂದು ಸಾಲಿನಲ್ಲಿ ಬರೆದು ಮುಗಿಸಿದಿರಲ್ಲ, ಎಣ್ಣೆ ನಿಲ್ಲಿಸಿ ಹೊರಗಿಡುವ ಮಸಾಲೆ, ಅದನ್ನು ಓದಿ ನನಗೆ ನಿಜಕ್ಕೂ ಗಾಬರಿಯಾಯಿತು. ಅದನ್ನೇ ಮೊದಲು ಹೇಳುತ್ತೇನೆ. ಇವತ್ತಿನಿಂದಲೇ ಆ ರೂಢಿ ಬಿಡಿ.

ನೆಲದೊಳಗೆ ಬೆಳೆಯುವ ಯಾವ ಗಡ್ಡೆಯ ಮೈಮೇಲೂ ಮಣ್ಣಿನ ಜೀವಿಗಳು ಇದ್ದೇ ಇರುತ್ತವೆ. ಅವುಗಳಲ್ಲಿ ಒಂದು ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್. ತನಗೆ ಹೊಂದದ ಜಾಗದಲ್ಲಿ ಅದು ಗಟ್ಟಿ ಕವಚದ ಬೀಜಕವಾಗಿ ಮಲಗಿಬಿಡುತ್ತದೆ. ಬಾಣಲೆಯಲ್ಲಿ ಹುರಿದರೂ, ನೀರಿನಲ್ಲಿ ಕುದಿಸಿದರೂ ಆ ಬೀಜಕ ಸಾಯುವುದಿಲ್ಲ. ಡಬ್ಬಿ ಆಹಾರ ಮಾಡುವ ಕಾರ್ಖಾನೆಗಳಲ್ಲಿ ಅದನ್ನು ಕೊಲ್ಲಲೆಂದೇ ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸುತ್ತಾರೆ. ಗಾಳಿ ಇರುವಲ್ಲಿ ಅದು ಏಳುವುದಿಲ್ಲ. ಗಾಳಿ ಇಲ್ಲದ, ಹುಳಿ ಕಡಿಮೆ ಇರುವ, ಒದ್ದೆಯಾದ, ಬೆಚ್ಚಗಿನ ಜಾಗ ಸಿಕ್ಕರೆ ಮಾತ್ರ ಎದ್ದು ಬೆಳೆದು ವಿಷ ಬಿಡುತ್ತದೆ. ಈಗ ನಿಮ್ಮ ಪಾತೇಲಿಯನ್ನು ನೆನಪು ಮಾಡಿಕೊಳ್ಳಿ. ಮೇಲೆ ಎಣ್ಣೆ ನಿಂತಿದೆ, ಗಾಳಿ ಒಳಗೆ ಹೋಗುವುದಿಲ್ಲ. ಉಳ್ಳಾಗಡ್ಡಿಯಲ್ಲಿ ಹುಳಿ ತೀರ ಕಡಿಮೆ. ಒಲೆಯ ಪಕ್ಕ ಇಟ್ಟಿದ್ದೀರಿ, ಬೆಚ್ಚಗಿದೆ. ಅದಕ್ಕೆ ಬೇಕಾದ್ದನ್ನೆಲ್ಲ ನಾವೇ ಒದಗಿಸಿಕೊಟ್ಟ ಹಾಗಾಯಿತು, ಅಲ್ವಾ?

ಇದು ಬರೀ ಪುಸ್ತಕದ ಮಾತಲ್ಲ. 1983ರ ಅಕ್ಟೋಬರಿನಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಪಿಯೋರಿಯಾ ಎಂಬ ಊರಿನಲ್ಲಿ ಒಂದೇ ಹೋಟೆಲಿನಲ್ಲಿ ಉಂಡ 28 ಜನಕ್ಕೆ ಬಾಟ್ಯುಲಿಸಂ, ಅಂದರೆ ಇದೇ ವಿಷದಿಂದ ಬರುವ ಕಾಯಿಲೆ ಆಯಿತು. ಹುಡುಕುತ್ತ ಹೋದಾಗ ಸಿಕ್ಕದ್ದು ಹುರಿದ ಉಳ್ಳಾಗಡ್ಡಿ. ಬೆಣ್ಣೆಯಂಥ ಜಿಡ್ಡಿನಲ್ಲಿ ಹುರಿದು, ಪಾತ್ರೆಯನ್ನು ಒಲೆಯ ಬಳಿ ಬೆಚ್ಚಗೆ ಇಟ್ಟಿದ್ದರು. ಬೆಚ್ಚಗೆ ಅಷ್ಟೇ, ಬಿಸಿಯಾಗಿ ಅಲ್ಲ. ಬಡಿಸುವಾಗ ಮತ್ತೆ ಕಾಯಿಸಿರಲಿಲ್ಲ. ಈ ಕಾಯಿಲೆ ಅಪರೂಪ, ಒಪ್ಪುತ್ತೇನೆ. ಆದರೆ ಬಂದರೆ ಹೊಟ್ಟೆ ಕೆಡಿಸಿ ಬಿಟ್ಟುಹೋಗುವ ಕಾಯಿಲೆ ಅಲ್ಲ. ಕಣ್ಣು ಮಂಜಾಗುತ್ತದೆ, ರೆಪ್ಪೆ ಜೋಲುತ್ತದೆ, ನಾಲಿಗೆ ತೊದಲುತ್ತದೆ, ನುಂಗಲು ಆಗುವುದಿಲ್ಲ, ಆಮೇಲೆ ಉಸಿರೇ ನಿಲ್ಲಬಹುದು. ಸಾಮಾನ್ಯವಾಗಿ ಉಂಡ 12ರಿಂದ 36 ಗಂಟೆಯೊಳಗೆ ಇದು ಶುರುವಾಗುತ್ತದೆ. ಇಂಥ ಲಕ್ಷಣ ಕಂಡರೆ ಒಂದು ನಿಮಿಷವೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ನೀವು ಕೇಳಬಹುದು, ‘ಉಪ್ಪಿನಕಾಯಿಗೂ ಎಣ್ಣೆ ನಿಲ್ಲಿಸುತ್ತೇವಲ್ಲ, ಅದು ವರ್ಷಗಟ್ಟಲೆ ಇರುತ್ತದಲ್ಲ’ ಅಂತ. ಒಳ್ಳೆಯ ಪ್ರಶ್ನೆಯೇ. ಉಪ್ಪಿನಕಾಯಿಯನ್ನು ಕಾಯುವುದು ಅದರ ಉಪ್ಪು ಮತ್ತು ಹುಳಿ. ಎಣ್ಣೆ ಮೇಲಿನ ಬೂಷ್ಟು ತಡೆಯುತ್ತದೆ, ಅಷ್ಟೇ. ನಮ್ಮ ಸೊಲ್ಲಾಪುರದ ಶೇಂಗಾ ಚಟ್ನಿ ಯಾಕೆ ಕೆಡುವುದಿಲ್ಲ? ಅದರಲ್ಲಿ ನೀರೇ ಇಲ್ಲ. ಉಳ್ಳಾಗಡ್ಡಿಯನ್ನು ಚೆನ್ನಾಗಿ ಒಣಗಿಸಿ ಕುಟ್ಟುವ ಕಾಂದಾ ಲಸೂಣ ಮಸಾಲೆ ಉಳಿಯುವುದೂ ಅದೇ ಕಾರಣಕ್ಕೆ. ನಿಮ್ಮ ಹುರಿದ ಮಸಾಲೆಯಲ್ಲಿ ನೀರಿದೆ, ಹುಳಿ ಇಲ್ಲ, ಉಪ್ಪು ಸಾಲದು. ಅದು ಉಪ್ಪಿನಕಾಯಿಯೂ ಅಲ್ಲ, ಚಟ್ನಿಯೂ ಅಲ್ಲ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವವರಿಗೂ ಇದೇ ಮಾತು.

ಹಾಗಾದರೆ ಏನು ಮಾಡಬೇಕು? ದಿನದ ಮಸಾಲೆ ದಿನವೇ ಹುರಿದುಕೊಂಡರೆ ಎಲ್ಲಕ್ಕಿಂತ ಒಳ್ಳೆಯದು. ಕೆಲಸದ ಒತ್ತಡದಲ್ಲಿ ಅದು ಆಗದಿದ್ದರೆ, ಹುರಿದ ಕೂಡಲೇ ಅಗಲ ತಟ್ಟೆಗಳಿಗೆ ಹರವಿ. ಎರಡು ಬೆರಳಿಗಿಂತ ದಪ್ಪ ಬೇಡ. ದೊಡ್ಡ ಪಾತೇಲಿಯಲ್ಲೇ ಬಿಟ್ಟರೆ ಮೇಲೆ ಆರಿದ ಹಾಗೆ ಕಂಡರೂ ನಡುವೆ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಬೇಕಿದ್ದರೆ ರಾತ್ರಿ ಮುಚ್ಚಿಟ್ಟ ದೊಡ್ಡ ಪಾತೇಲಿಯ ನಡುವೆ ಸ್ವಚ್ಛವಾದ ಉದ್ದ ಸೌಟು ಇಳಿಸಿ, ಎರಡು ತಾಸಿನ ಮೇಲೆ ತೆಗೆದು ಮುಟ್ಟಿ ನೋಡಿ. ಇನ್ನೂ ಬಿಸಿ ಹತ್ತುತ್ತದೆ. ತಟ್ಟೆಯಲ್ಲಿ ಆರಿದ್ದನ್ನು ಎರಡು ತಾಸಿನೊಳಗೆ ಡಬ್ಬಿಗೆ ತುಂಬಿ ಫ್ರಿಜ್ಜಿಗೆ ಸೇರಿಸಿ. ಎರಡು ದಿನದಲ್ಲಿ ಮುಗಿಸಿ. ಬಳಸುವಾಗ ನೀರು ಸೇರಿಸಿ ಕೊತಕೊತ ಹತ್ತು ನಿಮಿಷ ಕುದಿಸಿ. ಬೀಜಕ ಕುದಿತಕ್ಕೆ ಸಾಯದಿದ್ದರೂ ಅದು ಬಿಟ್ಟ ವಿಷ ಹತ್ತು ನಿಮಿಷದ ಕುದಿತಕ್ಕೆ ನಾಶವಾಗುತ್ತದೆ. ಹಾಗಂತ ಹೊರಗೆ ಇಟ್ಟದ್ದನ್ನು ಕುದಿಸಿ ಉಪಯೋಗಿಸೋಣ ಅಂತ ಮಾತ್ರ ಲೆಕ್ಕ ಹಾಕಬೇಡಿ. ಬೇರೆ ಕೆಲವು ಬ್ಯಾಕ್ಟೀರಿಯಾಗಳ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ.

ಇನ್ನು ನಿಮ್ಮ ಮಗ ತೋರಿಸಿದ ಸುದ್ದಿ. ಉಳ್ಳಾಗಡ್ಡಿ ಕ್ರಿಮಿಗಳನ್ನು ಎಳೆದುಕೊಳ್ಳುತ್ತದೆ ಅನ್ನುವುದು ನೂರು ವರ್ಷ ಹಳೆಯ ಕತೆ. 1918–19ರ ದೊಡ್ಡ ಫ್ಲೂ ಕಾಲದಲ್ಲಿ ಮನೆಯ ಮೂಲೆಯಲ್ಲಿ ಉಳ್ಳಾಗಡ್ಡಿ ಇಟ್ಟವರು ಬದುಕಿದರು ಅಂತ ಶುರುವಾಗುವ ಆ ಕತೆ ಈಗ ಮೊಬೈಲಿಗೆ ಬಂದಿದೆ. ಉಳ್ಳಾಗಡ್ಡಿ ಅಯಸ್ಕಾಂತವಲ್ಲ. ಕ್ರಿಮಿಗಳು ಗಾಳಿಯಲ್ಲಿ ಹಾರಿ ಬಂದು ಅದರೊಳಗೆ ಹೊಗುವುದಿಲ್ಲ. ಹೆಚ್ಚಿದ ಕೂಡಲೇ ಕಣ್ಣಲ್ಲಿ ನೀರು ಬರಿಸುವ ಗಂಧಕದ ಅಂಶಗಳು ಹೊರಬರುತ್ತವಲ್ಲ, ಅವು ಬ್ಯಾಕ್ಟೀರಿಯಾಗಳನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತವೆ ಕೂಡ. ಮುಚ್ಚಿದ ಡಬ್ಬಿಯಲ್ಲಿ, ಫ್ರಿಜ್ಜಿನಲ್ಲಿ ಇಟ್ಟ ಹೆಚ್ಚಿದ ಉಳ್ಳಾಗಡ್ಡಿ ಮರುದಿನ ವಿಷವಾಗುವುದಿಲ್ಲ. ಮೂರ್ನಾಲ್ಕು ದಿನ ಧಾರಾಳವಾಗಿ ಬಳಸಬಹುದು.

ಆದರೆ ನಿಮ್ಮ ಬುಟ್ಟಿ ಫ್ರಿಜ್ಜಿನಲ್ಲಿ ಇಲ್ಲವಲ್ಲ. ಬೆಳಿಗ್ಗೆ 8ರಿಂದ ಮಧ್ಯಾಹ್ನ 3ರವರೆಗೆ ಅಂದರೆ 7 ತಾಸು. ಸಿಪ್ಪೆ ಇರುವ ತನಕ ಉಳ್ಳಾಗಡ್ಡಿ ಬಾಗಿಲು ಹಾಕಿದ ಮನೆ. ಹೆಚ್ಚಿದ ಮೇಲೆ ಸಕ್ಕರೆ ಅಂಶವಿರುವ ರಸ ಹೊರಗೆ ಬಂತು. ಯಾರದೋ ಕೈಯಿಂದ, ಚಾಕುವಿನಿಂದ, ನೀರಿನಿಂದ ರೋಗಾಣು ಅಲ್ಲಿಗೆ ಬಿದ್ದರೆ ಅದಕ್ಕೆ ಊಟ ಸಿಕ್ಕ ಹಾಗೆ. ಒಳ್ಳೆಯ ಬಿಸಿ, ಒಳ್ಳೆಯ ತೇವ ಇದ್ದಲ್ಲಿ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಒಂದು ತಾಸಿಗೆ ಒಂದು ಎಂಟಾಗುತ್ತದೆ. 7 ತಾಸಿಗೆ ಲೆಕ್ಕ ಹಾಕಿ ನೋಡಿ, ಒಂದರಿಂದ 20 ಲಕ್ಷ ದಾಟುತ್ತದೆ. ಉಳ್ಳಾಗಡ್ಡಿಯ ಮೇಲೆ ಅದು ಇಷ್ಟು ವೇಗವಾಗಿ ಬೆಳೆಯಲಿಕ್ಕಿಲ್ಲ. ಲೆಕ್ಕ ಹೇಳಿದ್ದು ಹೊತ್ತಿನ ಬೆಲೆ ತಿಳಿಯಲಿ ಅಂತ. 5 ಡಿಗ್ರಿಗಿಂತ ಕೆಳಗೆ ಮತ್ತು 60 ಡಿಗ್ರಿಗಿಂತ ಮೇಲೆ ಅವುಗಳ ಆಟ ಬಹುತೇಕ ನಿಲ್ಲುತ್ತದೆ. ನಡುವಿನದೆಲ್ಲ ಅವುಗಳ ರಾಜ್ಯ. ಹೊರಗೆ ಎರಡು ತಾಸಿಗಿಂತ ಹೆಚ್ಚು ಇಡಬಾರದು, 32 ಡಿಗ್ರಿ ದಾಟಿದ ದಿನ ಒಂದೇ ತಾಸು ಎಂಬುದು ಆಹಾರ ಸುರಕ್ಷತೆಯ ನಿಯಮ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುತ್ತದೆ. ಉಳಿದ ತಿಂಗಳುಗಳಲ್ಲೂ ರೊಟ್ಟಿ ಒಲೆಯ ಪಕ್ಕದ ಅಡುಗೆಮನೆ 32ಕ್ಕಿಂತ ಕೆಳಗೆ ಇರುವುದು ಅಪರೂಪ. ಆದ್ದರಿಂದ ನಿಮ್ಮ ಲೆಕ್ಕಕ್ಕೆ ವರ್ಷಪೂರ್ತಿ ಒಂದೇ ತಾಸು ಅಂತ ಇಟ್ಟುಕೊಳ್ಳಿ.

‘ಹಸಿ ಉಳ್ಳಾಗಡ್ಡಿ ತಿಂದು ಯಾರಿಗೆ ಏನಾಗಿದೆ’ ಅಂತ ನಮ್ಮ ಹಿರಿಯರು ಕೇಳುತ್ತಾರೆ. ಆಗಿದೆ. 2020ರಲ್ಲಿ ಅಮೆರಿಕದಲ್ಲಿ ಕೆಂಪು ಉಳ್ಳಾಗಡ್ಡಿಯಿಂದ ಸಾಲ್ಮೊನೆಲ್ಲಾ ಹರಡಿ 48 ರಾಜ್ಯಗಳಲ್ಲಿ 1,127 ಜನ ಕಾಯಿಲೆ ಬಿದ್ದರು. ಪಕ್ಕದ ಕೆನಡಾದಲ್ಲಿ 515 ಜನ. 2021ರಲ್ಲಿ ಮೆಕ್ಸಿಕೋದಿಂದ ಬಂದ ಉಳ್ಳಾಗಡ್ಡಿಯಿಂದ ಮತ್ತೆ ಸಾವಿರಕ್ಕೂ ಹೆಚ್ಚು ಜನ. 2024ರಲ್ಲಿ ಬರ್ಗರಿನ ಮೇಲೆ ಹಾಕುವ ಹೆಚ್ಚಿದ ಉಳ್ಳಾಗಡ್ಡಿಯಿಂದ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಹರಡಿ 104 ಜನ ಮಲಗಿದರು, ಒಬ್ಬರು ತೀರಿಕೊಂಡರು. 2003ರಲ್ಲಿ ಪೆನ್ಸಿಲ್ವೇನಿಯಾದ ಒಂದು ಹೋಟೆಲಿನಲ್ಲಿ ಹಸಿರು ಉಳ್ಳಾಗಡ್ಡಿಯಿಂದ 600ಕ್ಕೂ ಹೆಚ್ಚು ಜನಕ್ಕೆ ಕಾಮಾಲೆ ಆಯಿತು, ಮೂವರು ಸತ್ತರು. ಎಲ್ಲ ಹೊರದೇಶದ ಉದಾಹರಣೆ ಕೊಟ್ಟೆ ಅಂತ ಅನ್ನಿಸಬಹುದು. ಅಲ್ಲಿ ಯಾರು ಏನು ತಿಂದರು, ಯಾವ ಹೊಲದಿಂದ ಬಂತು ಅಂತ ಜಾಡು ಹಿಡಿಯುವ ಏರ್ಪಾಡಿದೆ, ಅದಕ್ಕೇ ತಿಳಿಯಿತು. ನಮ್ಮಲ್ಲಿ ಹೊಟ್ಟೆ ಕೆಟ್ಟರೆ ‘ಏನೋ ತಿಂದಿರಬೇಕು’ ಅಂದು ಎರಡು ಗುಳಿಗೆ ನುಂಗಿ ಸುಮ್ನೆ ಆಗುತ್ತೇವೆ.

ಈ 2020ರ ತನಿಖೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಒಂದು ಸಂಗತಿ ಇದೆ. ಹೊಲಕ್ಕೆ ಹಾಯಿಸಿದ ನೀರು ಕೆಟ್ಟಿರಬಹುದು ಎಂಬುದು ಅವರ ಮುಖ್ಯ ಗುಮಾನಿ. ಪಕ್ಕದ ನೆಲದಲ್ಲಿ ಕುರಿ ಮೇಯುತ್ತಿದ್ದುದನ್ನೂ ಅವರು ಬರೆದುಕೊಂಡಿದ್ದರು. ಓದಿದಾಗ ನಮ್ಮೂರೇ ಕಣ್ಣ ಮುಂದೆ ಬಂತು. ನಮ್ಮಲ್ಲಿ ಹೊಲಕ್ಕೆ ಕುರಿ ಕೂಡಿಸುವುದು ಪುಣ್ಯದ ಕೆಲಸವಿದ್ದ ಹಾಗೆ, ಅಷ್ಟು ಒಳ್ಳೆಯ ಗೊಬ್ಬರ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಗೊಬ್ಬರ ಚೆನ್ನಾಗಿ ಕಳಿತಿರಬೇಕು, ಗಡ್ಡೆ ಕಟ್ಟಿದ ಮೇಲೆ ಹಸಿ ಹಿಕ್ಕೆ ಹೊಲಕ್ಕೆ ಬೀಳಬಾರದು, ಇಷ್ಟು ರೈತರ ಕೈಯಲ್ಲಿದೆ. ನಿಮ್ಮ ಕೈಯಲ್ಲಿರುವುದು ಬೇರೆ. ಸೊಲ್ಲಾಪುರ ಮಾರ್ಕೆಟ್ಟಿನಿಂದ ಬಂದ ಚೀಲದ ಪ್ರತಿ ಗಡ್ಡೆಯ ಹೊರಸಿಪ್ಪೆಯನ್ನೂ ಹೊಲದ ನೆಲವೆಂದೇ ತಿಳಿಯಬೇಕು. ನೆಲ ಮುಟ್ಟಿದ ಕೈಯಿಂದ ಯಾರೂ ರೊಟ್ಟಿ ಬಡಿಸುವುದಿಲ್ಲವಲ್ಲ.

ನನ್ನದೇ ಅನುಭವ ಒಂದು ಹೇಳುತ್ತೇನೆ. ಜತ್ತ ತಾಲೂಕಿನಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲಿ ಮಗುವಿನ ಜಾವಳದ ಊಟ. ಮೂರು ಕುರಿ ಕೊಯ್ದಿದ್ದರು. ಮರುದಿನ ಮಧ್ಯಾಹ್ನದಿಂದ ಒಬ್ಬೊಬ್ಬರಿಗೇ ವಾಂತಿ, ಭೇದಿ, ಜ್ವರ. ನಲವತ್ತಕ್ಕೂ ಮೇಲೆ ಜನ. ಎಲ್ಲರ ಬಾಯಲ್ಲೂ ಒಂದೇ ಮಾತು, ‘ಮಟನ್ ಕೆಟ್ಟಿತ್ತು’. ಅಡುಗೆಯವರು ಪಾಪ ತಲೆ ತಗ್ಗಿಸಿ ಕೂತಿದ್ದರು. ಆದರೆ ನಮ್ಮ ಚಿಕ್ಕಮ್ಮನೂ ಮಲಗಿದ್ದಳು. ಆಕೆ ಮಟನ್ ಮುಟ್ಟುವವಳೇ ಅಲ್ಲ. ರೊಟ್ಟಿ, ಬ್ಯಾಳಿ, ಉಳ್ಳಾಗಡ್ಡಿ ಉಂಡಿದ್ದಳು. ನಾನು ಮನೆ ಮನೆ ತಿರುಗಿ ಯಾರು ಏನು ಉಂಡರು ಅಂತ ಕೇಳಿದೆ. ಕೊನೆಯ ಪಂಕ್ತಿಗೆ ಕೂತ ಹುಡುಗರು ಹೊಟ್ಟೆ ತುಂಬ ಮಟನ್ ಉಂಡಿದ್ದರು, ಒಬ್ಬರಿಗೂ ಏನೂ ಆಗಿರಲಿಲ್ಲ. ಅವರು ಕೂರುವ ಹೊತ್ತಿಗೆ ಉಳ್ಳಾಗಡ್ಡಿ ಮುಗಿದುಹೋಗಿತ್ತು.

ಆಮೇಲೆ ತಿಳಿದದ್ದು ಇಷ್ಟು. ಬೆಳಗಿನ ಜಾವ ಮಾಂಸ ಕಡಿದ ಮರದ ಕೊರಡಿನ ಮೇಲೆಯೇ ಒಂದು ಚೆಂಬು ನೀರು ಹಾಕಿ, ಅರಿವೆಯಿಂದ ಒರೆಸಿ, ಉಳ್ಳಾಗಡ್ಡಿ ಹೆಚ್ಚಿದ್ದರು. ಹೆಚ್ಚಿದ್ದನ್ನು ಖಾರ ಹೋಗಲಿ ಅಂತ ದೊಡ್ಡ ಟಬ್ಬಿನ ನೀರಿನಲ್ಲಿ ಮಧ್ಯಾಹ್ನದವರೆಗೆ ನೆನೆಹಾಕಿದ್ದರು. ಮಾಂಸ ಗಂಟೆಗಟ್ಟಲೆ ಕುದಿಯಿತು, ಅದರಲ್ಲಿದ್ದದ್ದು ಸತ್ತಿತು. ಉಳ್ಳಾಗಡ್ಡಿ ಹಸಿಯಾಗಿಯೇ ತಟ್ಟೆಗೆ ಬಂತು. ಲ್ಯಾಬಿಗೆ ಕಳಿಸಿ ಖಾತ್ರಿ ಮಾಡಿಕೊಳ್ಳಲು ಒಂದು ಚೂರೂ ಉಳಿದಿರಲಿಲ್ಲ. ಆದರೂ ನನ್ನ ಮಟ್ಟಿಗೆ ಆ ಕೊರಡು ಮತ್ತು ಆ ಟಬ್ಬು, ಎರಡರ ಮೇಲೂ ಗುಮಾನಿ ಇವತ್ತಿಗೂ ಹೋಗಿಲ್ಲ.

ವಾರಕ್ಕೆ ಮೂರು ದಿನ ಮಟನ್ ಇರುವ ನಿಮ್ಮ ಅಡುಗೆಮನೆಯಲ್ಲಿ ಇದೇ ಮೊದಲ ಕಟ್ಟುನಿಟ್ಟು. ಮಾಂಸದ ಮಣೆ, ಮಾಂಸದ ಚಾಕು ಬೇರೆ. ಹಿಡಿಕೆಗೆ ಕೆಂಪು ದಾರ ಸುತ್ತಿಡಿ, ಓದಲು ಬಾರದವರಿಗೂ ತಿಳಿಯುತ್ತದೆ. ಎರಡನೇ ಮಣೆ ಕೊಳ್ಳಲು ತಡವಾದರೆ ಅಲ್ಲಿಯವರೆಗೆ ಮೊದಲು ಉಳ್ಳಾಗಡ್ಡಿ, ತರಕಾರಿ ಹೆಚ್ಚಿ ಮುಗಿಸಿ, ಕೊನೆಗೆ ಮಾಂಸ ಮುಟ್ಟಿ. ತಿರುಗಾ ಮುರುಗಾ ಮಾತ್ರ ಬೇಡ. ಮಾಂಸ ತೊಳೆಯುವ ನೀರು ಸಿಡಿಯುವ ಜಾಗದಿಂದ ಉಳ್ಳಾಗಡ್ಡಿ ಬುಟ್ಟಿ ದೂರ ಇರಲಿ.

ಈಗ ಹೆಚ್ಚುವ ಕೆಲಸವನ್ನೇ ಹತ್ತಿರದಿಂದ ನೋಡೋಣ. ನಮ್ಮ ಕಡೆ ಇನ್ನೂ ಈಳಿಗೆಮಣೆ ನೆಲದ ಮೇಲಿಟ್ಟು, ಒಂದು ಕಾಲಿನಿಂದ ಮಣೆ ಒತ್ತಿ ಹಿಡಿದು ಹೆಚ್ಚುತ್ತಾರೆ. ಗಡ್ಡೆಯ ಬೇರಿನ ಕಡೆ ಮಣ್ಣು ಅಂಟಿರುತ್ತದೆ. ಹೆಚ್ಚುವವಳು ಗಡ್ಡೆಯನ್ನು ಸಿಪ್ಪೆಸಮೇತ ಎರಡು ಹೋಳು ಮಾಡುತ್ತಾಳೆ. ಆ ಅಲಗು ಮೊದಲು ಮಣ್ಣು ಮುಟ್ಟಿ, ಅದೇ ಮಣ್ಣನ್ನು ಬಿಳಿ ತಿರುಳಿನ ಉದ್ದಕ್ಕೂ ಎಳೆಯುತ್ತದೆ. ಆಮೇಲೆ ಸಿಪ್ಪೆ ಕೀಳುತ್ತಾಳೆ. ಸಿಪ್ಪೆ ಹಿಡಿದ ಬೆರಳಲ್ಲೇ ಹೋಳು ಹಿಡಿಯುತ್ತಾಳೆ. ಕಣ್ಣೀರು ಬಂದರೆ ಸೆರಗಿನಿಂದ ಒರೆಸುತ್ತಾಳೆ, ಕೈಯನ್ನೂ ಅದೇ ಸೆರಗಿಗೆ ಒರೆಸುತ್ತಾಳೆ. ನೂರು ಗಡ್ಡೆ ಹೀಗೇ ಸಾಗುತ್ತವೆ. ಆಕೆಯದು ತಪ್ಪಲ್ಲ, ನಮ್ಮೆಲ್ಲರ ಮನೆಯಲ್ಲೂ ಹೀಗೇ ಕಲಿತದ್ದು. ಬದಲಾಯಿಸಬೇಕಾದ್ದು ಕೆಲಸದ ಸರದಿ.

ಮೊದಲು ಎಲ್ಲ ಗಡ್ಡೆಗಳ ಎರಡೂ ತುದಿ ತೆಗೆದು ಸಿಪ್ಪೆ ಸುಲಿದು ಮುಗಿಸಿ. ಇದು ಹಿತ್ತಲ ಬಾಗಿಲ ಹತ್ತಿರವೋ, ಅಡುಗೆಯಿಂದ ದೂರದ ಮೂಲೆಯಲ್ಲೋ ಆಗಲಿ. ಸಿಪ್ಪೆಯ ರಾಶಿ ಅಲ್ಲಿಂದಲೇ ಹೊರಗೆ ಹೋಗಲಿ. ಆಮೇಲೆ ಸೋಪು ಹಚ್ಚಿ ಕನಿಷ್ಠ 20 ಸೆಕೆಂಡ್ ಉಜ್ಜಿ ಕೈ ತೊಳೆಯಬೇಕು, ಉಗುರಿನ ಸಂದೂ ಸೇರಿ. ಅಲಗು ತೊಳೆಯಬೇಕು. ಸುಲಿದ ಗಡ್ಡೆಗಳನ್ನು ಕುಡಿಯಲು ಯೋಗ್ಯವಾದ ಹರಿಯುವ ನೀರಿನಲ್ಲಿ ತೊಳೆದು, ನೀರು ಬಸಿಯಲು ಬಿಡಬೇಕು. ಹೆಚ್ಚುವುದು ಇದೆಲ್ಲ ಆದಮೇಲೆ, ನೆಲದ ಮೇಲೆ ಅಲ್ಲ, ಕಟ್ಟೆಯ ಮೇಲೆ. ಕೈ ಒರೆಸಲು ಸೆರಗು ಬೇಡ, ದಿನವೂ ಒಗೆದ ಬೇರೆ ಅರಿವೆ ಇರಲಿ. ಚೀಲದ ಉಳ್ಳಾಗಡ್ಡಿಯನ್ನು ಇಡಿಯಾಗಿ ಮುಂಚೆಯೇ ತೊಳೆದಿಡಬೇಡಿ, ತೇವಕ್ಕೆ ಕೊಳೆಯುತ್ತದೆ.

ನೀರಿನ ಮಾತು ಬಂತು. ಬೇಸಿಗೆಯಲ್ಲಿ ನಮ್ಮ ಕಡೆ ಟ್ಯಾಂಕರ್ ನೀರೇ ಗತಿ. ಅದು ಯಾವ ಬಾವಿಯದು, ಟ್ಯಾಂಕರ್ ತೊಳೆದು ಎಷ್ಟು ದಿನವಾಯಿತು ಅಂತ ಯಾರಿಗೆ ಗೊತ್ತು? ಹಸಿಯಾಗಿ ತಿನ್ನುವುದಕ್ಕೆ ತಾಗುವ ನೀರು ಮಾತ್ರ ಕುದಿಸಿ ಆರಿಸಿದ್ದು ಅಥವಾ ಫಿಲ್ಟರ್ ಆದದ್ದು ಇರಲಿ. ಖಾರ ಇಳಿಸಲು ನೆನೆಹಾಕುವುದಿದ್ದರೆ ಹತ್ತು ನಿಮಿಷ ಸಾಕು, ನೀರು ಚೆಲ್ಲಿಬಿಡಿ. ಒಂದೇ ಟಬ್ಬಿನಲ್ಲಿ ಎಲ್ಲ ಹೋಳುಗಳನ್ನು ಮುಳುಗಿಸಿದರೆ ಒಂದು ಗಡ್ಡೆಯಲ್ಲಿದ್ದ ಕೊಳೆ ಟಬ್ಬಿಗೆಲ್ಲ ಹಂಚಿಹೋಗುತ್ತದೆ. ಮೇಲೆ ಉಪ್ಪು, ನಿಂಬೆಹುಳಿ ಹಿಂಡಿದರೆ ರುಚಿ ಬರುತ್ತದೆ, ಬ್ಯಾಕ್ಟೀರಿಯಾ ಸ್ವಲ್ಪ ನಿಧಾನವಾಗುತ್ತವೆ. ಸಾಯುತ್ತವೆ ಅಂತ ನಂಬಿ ಕೂರಬೇಡಿ.

ಇಷ್ಟೆಲ್ಲ ಮಾಡುವುದಕ್ಕಿಂತ ಸುಲಭದ ದಾರಿ ಒಂದು ನನಗೆ ತೋಚುತ್ತದೆ. ಹೊಲದಲ್ಲಿ ರೊಟ್ಟಿ ಬುತ್ತಿ ಬಿಚ್ಚಿದಾಗ ನಮ್ಮ ಅಪ್ಪ ಉಳ್ಳಾಗಡ್ಡಿ ಹೆಚ್ಚುತ್ತಿರಲಿಲ್ಲ. ಸಿಪ್ಪೆ ಸುಲಿದು, ರೊಟ್ಟಿಯ ಅರಿವೆಯ ಮೇಲಿಟ್ಟು, ಮುಷ್ಟಿಯಿಂದ ಒಂದೇ ಗುದ್ದು. ಪಕಳೆ ಬಿಚ್ಚಿಕೊಳ್ಳುತ್ತಿತ್ತು, ನಡುವಿನ ಎಳೆ ಮೊಳಕೆ ತೆಗೆದು ನನ್ನ ರೊಟ್ಟಿಯ ಮೇಲಿಡುತ್ತಿದ್ದರು. ಒಡೆದದ್ದಕ್ಕೂ ತಿಂದದ್ದಕ್ಕೂ ನಡುವೆ ಅರ್ಧ ನಿಮಿಷ. ಕೈ ಸ್ವಚ್ಛವಿದ್ದರೆ ಸಾಕು, ಕ್ರಿಮಿಗೆ ಬೆಳೆಯಲು ಹೊತ್ತೇ ಸಿಗುವುದಿಲ್ಲ. ನೀವೂ ಸುಲಿದು ತೊಳೆದ ಸಣ್ಣ ಗಡ್ಡೆಗಳನ್ನು ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಗಿರಾಕಿ ಕೂತ ಮೇಲೆ ಇಡೀ ಗಡ್ಡೆ ಕೊಡಿ, ಇಲ್ಲವೇ ಆಗಲೇ ನಾಲ್ಕು ಹೋಳು ಮಾಡಿ ಕೊಡಿ. ರುಚಿಯೂ ಜಾಸ್ತಿ, ಕೆಲಸವೂ ಕಡಿಮೆ. ತೆಳ್ಳಗೆ ಹೆಚ್ಚಿದ್ದೇ ಬೇಕು ಅನ್ನುವವರಿಗೆ ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ಹೆಚ್ಚಿ. ಹಳೆಯದು ಉಳಿದಿದ್ದರೆ ಅದರ ಮೇಲೆ ಹೊಸದು ಸುರಿಯಬೇಡಿ, ಬುಟ್ಟಿಯ ತಳದಲ್ಲಿ ಬೆಳಗಿನದೇ ಉಳಿದುಬಿಡುತ್ತದೆ. ಕರೆಂಟು ತಾಸುಗಟ್ಟಲೆ ಹೋದ ದಿನ ಫ್ರಿಜ್ಜಿನ ಬಾಗಿಲು ಪದೇ ಪದೇ ತೆಗೆಯಬೇಡಿ. ನಾಲ್ಕು ತಾಸಿಗಿಂತ ಹೆಚ್ಚು ಹೋಗಿದ್ದರೆ ಒಳಗಿದ್ದ ಹೆಚ್ಚಿದ ಉಳ್ಳಾಗಡ್ಡಿ, ಹುರಿದ ಮಸಾಲೆ ಬಿಸಾಡುವುದೇ ಸರಿ. ಮೂಸಿ ನೋಡಿ ತೀರ್ಮಾನ ಮಾಡಬೇಡಿ, ರೋಗ ತರುವ ಎಷ್ಟೋ ಬ್ಯಾಕ್ಟೀರಿಯಾಗಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಕರಿ ಪುಡಿಯ ವಿಷಯ. ತಟ್ಟೆ ಬಿಟ್ಟು ಎದ್ದ ಗಿರಾಕಿಯ ಹೆದರಿಕೆ ನನಗೆ ಅರ್ಥವಾಗುತ್ತದೆ. 2021ರಲ್ಲಿ ಬ್ಲ್ಯಾಕ್ ಫಂಗಸ್ ಎಷ್ಟೋ ಮನೆಗಳನ್ನು ಅಳಿಸಿತು, ಆಗಲೇ ಉಳ್ಳಾಗಡ್ಡಿಯ ಈ ಸುದ್ದಿಯೂ ಹಬ್ಬಿತ್ತು. ಆದರೆ ಎರಡೂ ಬೇರೆ ಬೇರೆ. ಉಳ್ಳಾಗಡ್ಡಿಯ ಮೇಲಿನ ಕಪ್ಪು ಬೂಷ್ಟು ಸಾಮಾನ್ಯವಾಗಿ ಆಸ್ಪರ್ಜಿಲಸ್ ನೈಜರ್. ಬ್ಲ್ಯಾಕ್ ಫಂಗಸ್ ಎಂದು ಕರೆದ ಮ್ಯೂಕರ್‌ಮೈಕೋಸಿಸ್ ಕಾಯಿಲೆಯನ್ನು ತರುವ ಶಿಲೀಂಧ್ರಗಳ ಗುಂಪೇ ಬೇರೆ. ಅದಕ್ಕೆ ಆ ಹೆಸರು ಬಂದದ್ದು ಶಿಲೀಂಧ್ರ ಕಪ್ಪಗಿದೆ ಅಂತಲ್ಲ, ರಕ್ತ ಹರಿಯದೆ ಸತ್ತ ಮಾಂಸ ಕಪ್ಪಗಾಗುತ್ತದೆ ಅಂತ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಿಗೆ, ಸ್ಟಿರಾಯ್ಡ್ ಜಾಸ್ತಿ ಪಡೆದವರಿಗೆ ಅದು ಹತ್ತಿತು.

ಹಾಗಂತ ಕರಿ ಪುಡಿ ಸಮೇತ ಅಡುಗೆಗೆ ಹಾಕಿ ಅನ್ನುತ್ತಿಲ್ಲ. ಪುಡಿ ಹೊರಗಿನ ಒಣಸಿಪ್ಪೆಯಲ್ಲಿ, ಮೊದಲ ಪಕಳೆಯ ಮೇಲೆ ಮಾತ್ರ ಇದ್ದು ಒಳಗೆ ಗಡ್ಡೆ ಗಟ್ಟಿಯಾಗಿದ್ದರೆ, ಆ ಪದರ ತೆಗೆದು ತೊಳೆದು ಬಳಸಿ. ಕಪ್ಪು ಒಳಪದರಗಳಿಗೆ ಇಳಿದಿದ್ದರೆ, ಕುತ್ತಿಗೆ ಒತ್ತಿದಾಗ ಮೆತ್ತಗಿದ್ದರೆ, ನೀರು ಒಸರಿದರೆ, ಹುಳಿ ವಾಸನೆ ಇದ್ದರೆ ಇಡೀ ಗಡ್ಡೆ ಎಸೆಯಿರಿ. ‘ಹುರಿದರೆ ಹೋಗುತ್ತದೆ’ ಅನ್ನಬೇಡಿ. ಈ ಬೂಷ್ಟಿನ ಕೆಲವು ತಳಿಗಳು ಬಿಡುವ ವಿಷ ಬಿಸಿಗೆ ಸುಲಭವಾಗಿ ಬಗ್ಗುವುದಿಲ್ಲ. ಚೀಲವನ್ನು ಅಡುಗೆಮನೆಯೊಳಗೆ ಕೊಡವಬೇಡಿ. ಉಬ್ಬಸ ಇದ್ದವರಿಗೆ ಆ ಧೂಳು ತ್ರಾಸು ಕೊಡುತ್ತದೆ. ಮೊಳಕೆ ಬಂದ ಉಳ್ಳಾಗಡ್ಡಿಗೆ ಮಾತ್ರ ಹೆದರಬೇಡಿ, ಗಟ್ಟಿ ಇದ್ದರೆ ತಿನ್ನಬಹುದು, ಹಸಿರು ಮೊಳಕೆಯನ್ನೂ.

ಬೂಷ್ಟಿಗೆ ಬೇಕಾದ್ದು ಸೆಕೆ ಮತ್ತು ತೇವ. ಮಳೆಗಾಲದ ಬೆಳೆ ಚಳಿಗಾಲದಲ್ಲಿ ಮಾರ್ಕೆಟ್ಟಿಗೆ ಬರುತ್ತದಲ್ಲ, ಅದರಲ್ಲಿ ನೀರು ಜಾಸ್ತಿ, ಕುತ್ತಿಗೆ ದಪ್ಪ, ಬಾಳಿಕೆ ಇಲ್ಲ. ಅದನ್ನು ವಾರಕ್ಕೆ ಬೇಕಾದಷ್ಟೇ ತನ್ನಿ. ಬೇಸಿಗೆಯಲ್ಲಿ ಕಿತ್ತು ಚೆನ್ನಾಗಿ ಒಣಗಿಸಿದ ಗಡ್ಡೆ ತಿಂಗಳುಗಟ್ಟಲೆ ಇರುತ್ತದೆ. ರೈತರ ಕಾಂದಾ ಚಾಳ ನೋಡಿದ್ದೀರಲ್ಲ, ನೆಲದಿಂದ ಮೇಲೆ ಎತ್ತಿ, ಎಲ್ಲ ಕಡೆಯಿಂದ ಗಾಳಿ ಆಡುವ ಹಾಗೆ ಕಟ್ಟಿರುತ್ತಾರೆ. ನಿಮ್ಮ ಅಂಗಡಿಯಲ್ಲೂ ಹಾಗೇ. ನಾಲ್ಕು ಇಟ್ಟಿಗೆಯ ಮೇಲೆ ಹಲಗೆ, ಅದರ ಮೇಲೆ ಜಾಳಿಗೆ ಚೀಲ. ಬಟಾಟೆ ಪಕ್ಕ ಬೇಡ, ಪ್ಲಾಸ್ಟಿಕ್ ಚೀಲವಂತೂ ಬೇಡವೇ ಬೇಡ.

ನೀವು ಕೇಳದ ಒಂದು ಮಾತನ್ನೂ ಹೇಳಬೇಕು. ನಿಮ್ಮಲ್ಲಿ ಕೆಲಸಕ್ಕೆ ಬರುವ ಹೆಣ್ಣುಮಗಳಿಗೆ ಭೇದಿ ಆಗಿದ್ದರೆ, ನಿಂತ ಮೇಲೂ 48 ತಾಸು ಆಕೆ ಉಳ್ಳಾಗಡ್ಡಿ ಮುಟ್ಟಬಾರದು. ಕಾಮಾಲೆ ಆದರೆ ಡಾಕ್ಟರು ಹೇಳುವ ತನಕ ಬರಬಾರದು. ಕೈಗೆ ಗಾಯವಾಗಿ ಕೀವು ಕಟ್ಟಿದ್ದರೆ ಬೇರೆ ಕೆಲಸ ಕೊಡಿ. ಆ ಕೀವಿನ ಬ್ಯಾಕ್ಟೀರಿಯಾದ ವಿಷವೇ ಕುದಿಸಿದರೂ ಹೋಗದ್ದು. ಆದರೆ ದಯವಿಟ್ಟು ಆ ದಿನಗಳ ಪಗಾರ ಹಿಡಿಯಬೇಡಿ. ಪಗಾರ ಹಿಡಿದರೆ ಆಕೆ ಹೊಟ್ಟೆನೋವು ಮುಚ್ಚಿಟ್ಟು ಬರುತ್ತಾಳೆ, ಬರದೆ ಬೇರೆ ದಾರಿಯೂ ಆಕೆಗಿಲ್ಲ. ಕೆಲವು ಇ. ಕೋಲೈ ತಳಿಗಳು ನೂರಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ಹೊಟ್ಟೆಗೆ ಹೋದರೂ ಮನುಷ್ಯನನ್ನು ಮಲಗಿಸುತ್ತವೆ. ನಿಮ್ಮ 80–90 ಗಿರಾಕಿಗಳ ಆರೋಗ್ಯ ಆಕೆಯ ಎರಡು ದಿನದ ರಜೆಯಲ್ಲಿದೆ.

ಯಾರಿಗಾದರೂ ವಾಂತಿ ಭೇದಿ ಆಯಿತು ಅಂತ ಸುದ್ದಿ ಬಂದರೆ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸಲು ಹೇಳಿ. ಅಂಗಡಿಯ ಓಆರ್‌ಎಸ್ ಪೊಟ್ಟಣ ಸಿಕ್ಕರೆ ಇನ್ನೂ ಒಳ್ಳೆಯದು. ಭೇದಿಯಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ, ಮಕ್ಕಳು, ಬಸುರಿಯರು, ವಯಸ್ಸಾದವರು ಆಗಿದ್ದರೆ ತಡಮಾಡದೆ ಡಾಕ್ಟರ ಬಳಿ ಕಳಿಸಿ. ರಕ್ತಭೇದಿಗೆ ಭೇದಿ ನಿಲ್ಲಿಸುವ ಗುಳಿಗೆಯನ್ನು ತಾವೇ ತೆಗೆದುಕೊಳ್ಳಬಾರದು.

ಇನ್ನೊಂದು ಕೆಲಸ ನಾಳೆಯಿಂದಲೇ ಶುರು ಮಾಡಿ. ಜಾವಳದ ಊಟದಲ್ಲಿ ನನಗೆ ಸಿಗದೇ ಹೋದದ್ದು ಅದೇ. ದಿನವೂ ಬಡಿಸುವ ಮುಂಚೆ ಪ್ರತಿ ಅಡುಗೆಯದು ಒಂದೊಂದು ಸೌಟು, ಹಸಿ ಉಳ್ಳಾಗಡ್ಡಿಯೂ ಸೇರಿ, ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಸಣ್ಣ ಮುಚ್ಚಳದ ಡಬ್ಬಿಗಳಿಗೆ ಹಾಕಿ, ತಾರೀಖು ಬರೆದ ಚೀಟಿ ಅಂಟಿಸಿ ಫ್ರಿಜ್ಜಿನ ಕೆಳಗಿನ ಮೂಲೆಯಲ್ಲಿಡಿ. ಮೂರು ದಿನವಾದ ಮೇಲೆ ಚೆಲ್ಲಿ, ಡಬ್ಬಿ ತೊಳೆದು ಮತ್ತೆ ತುಂಬಿ. ನಾಳೆ ಯಾರಾದರೂ ‘ನಿಮ್ಮಲ್ಲಿ ಉಂಡೇ ಹೀಗಾಯಿತು’ ಅಂತ ಬಂದರೆ, ಆ ಡಬ್ಬಿಗಳನ್ನು ಆಹಾರ ಸುರಕ್ಷತಾ ಅಧಿಕಾರಿಗಳ ಕೈಗೆ ಕೊಡಬಹುದು. ತಪ್ಪು ನಿಮ್ಮದಾಗಿದ್ದರೆ ಎಲ್ಲಿ ಅಂತ ಅದರಿಂದಲೇ ತಿಳಿಯುತ್ತದೆ, ನಿಮ್ಮದಲ್ಲದಿದ್ದರೆ ಅದೂ ತಿಳಿಯುತ್ತದೆ.